ಸರ್ಕಾರಿ ಕೂಸಿನ ತಾಯಿ

ಆ ಆಸ್ಪತ್ರೆಯಲ್ಲಿ ಅತಿ ಹೆಚ್ಚು ಹೊತ್ತು ಎದೆಯ ಮೇಲೆ ಮಲಗಿದ ಕೂಸು ಯಾವುದು ಎಂದು ಯಾರಾದರೂ ಕೇಳಿದ್ದರೆ, ದಿನ ತುಂಬದ ಮಕ್ಕಳ ವಾರ್ಡಿನವರೆಲ್ಲ ಒಂದೇ ಉಸಿರಿಗೆ ಉತ್ತರ ಹೇಳುತ್ತಿದ್ದರು. ಅದಕ್ಕೆ ಹತ್ತೊಂಬತ್ತು ವರ್ಷ ವಯಸ್ಸು, ತೂಕ ಒಂದು ಕಿಲೋ ಎಂಟುನೂರು ಗ್ರಾಂ, ಮೈ ರಬ್ಬರಿನದು. ಎಡಗಿವಿಯನ್ನು ಯಾವುದೋ ಮಳೆಗಾಲದಲ್ಲಿ ಇಲಿ ತಿಂದಿತ್ತು. ಆ ಕಿವಿಯ ಬಗ್ಗೆ ಮೂರು ಪುಟದ ತನಿಖಾ ವರದಿ ಇತ್ತು. ವಾರ್ಡಿನವರು ಅದನ್ನು ಸರ್ಕಾರಿ ಕೂಸು ಎನ್ನುತ್ತಿದ್ದರು. ಅದನ್ನು ಎದೆಗೆ ಕಟ್ಟಿಕೊಂಡು ಕೂರುತ್ತಿದ್ದವಳು ವಾರ್ಡಿನ ಆಯಾ. ಹಾಗಾಗಿ ಅವಳಿಗೆ ಗೊಂಬೆಯಕ್ಕ ಎಂಬ ಹೆಸರೇ ನಿಂತುಹೋಗಿತ್ತು. ಹಾಜರಿ ಪುಸ್ತಕ ನೋಡಿ ಯಾರಾದರೂ ನಿಜವಾದ ಹೆಸರು ಕೂಗಿದರೆ ಅವಳೇ, ಬೇರೆ ಯಾರನ್ನೋ ಕರೆಯುತ್ತಿದ್ದಾರೆಂದು ಅತ್ತಿತ್ತ ನೋಡುತ್ತಿದ್ದಳು.

ಕಾಗದದ ಪ್ರಕಾರ ಗೊಂಬೆಯಕ್ಕನ ಕೆಲಸ ನೆಲ ಒರೆಸುವುದು, ಒದ್ದೆ ಬಟ್ಟೆ ಎತ್ತುವುದು, ಹಾಲಿನ ಪುಟ್ಟ ಲೋಟಗಳನ್ನು ಕುದಿಸಿಡುವುದು. ಗೊಂಬೆಯ ಕೆಲಸ ಆಕಸ್ಮಿಕವಾಗಿ ಗಂಟುಬಿದ್ದದ್ದು. ಹತ್ತೊಂಬತ್ತು ವರ್ಷದ ಹಿಂದೆ ರಾಜಧಾನಿಯಿಂದ ಒಂದು ಕಮಿಟಿ ಬಂತು. ಅವಧಿಗೆ ಮುಂಚೆ ಹುಟ್ಟಿದ ಕೂಸನ್ನು ಬರಿಮೈಯಲ್ಲಿ ತಾಯಿಯ ಬರಿ ಎದೆಗೆ ಒರಗಿಸಿ, ಮೇಲೆ ಬಟ್ಟೆ ಸುತ್ತಿ ಗಂಟೆಗಟ್ಟಲೆ ಇಟ್ಟುಕೊಂಡರೆ ತಾಯಿಯ ಮೈಶಾಖದಲ್ಲೇ ಕೂಸು ಚೇತರಿಸಿಕೊಳ್ಳುತ್ತದೆ, ಇದಕ್ಕೆ ಕಾಂಗರೂ ಆರೈಕೆ ಎನ್ನುತ್ತಾರೆ, ಇದನ್ನು ತಾಯಂದಿರಿಗೆ ತೋರಿಸಿಕೊಡಬೇಕು ಎಂದು ಹೇಳಿತು. ಗೊಂಬೆಯನ್ನು ಕಮಿಟಿಯವರೇ ತಂದಿದ್ದರು, ಆದರೆ ತಾಯಿಯನ್ನು ತಂದಿರಲಿಲ್ಲ. ಒಬ್ಬ ನರ್ಸ್ ತನಗೆ ಮದುವೆ ಗೊತ್ತಾಗಿದೆ, ಎದೆ ತೆರೆದು ಕೂರಲಾಗದು ಎಂದಳು. ಇನ್ನೊಬ್ಬಳು ತನಗೆ ಮದುವೆ ಗೊತ್ತಾಗಿಲ್ಲ, ಅದಕ್ಕೇ ಕೂರಲಾಗದು ಎಂದಳು. ಹೊರಗೆ ವರಾಂಡದ ಬೆಂಚಿನ ಮೇಲೆ ಎಂಟು ಮಂದಿ ನಿಜವಾದ ತಾಯಂದಿರು ಕೂತಿದ್ದರು. ಅವರು ಒಳಗೆ ಬರುವಂತಿರಲಿಲ್ಲ. ಆಗ ಮೂಲೆಯಲ್ಲಿ ನೆಲ ಒರೆಸುತ್ತಿದ್ದ ಆಯಾ ಕಣ್ಣಿಗೆ ಬಿದ್ದಳು. “ಏ, ನೀನು ಬಾ, ಕೈ ತೊಳ್ಕೊಂಡು ಬಂದು ಕೂತ್ಕೋ” ಎಂದರು. ಕೂತಳು. ಹಾಗೆ ಕೂತವಳನ್ನು ಮತ್ತೆ ಯಾರೂ ಎಬ್ಬಿಸಲಿಲ್ಲ.

ಅಂದಿನಿಂದ ಕಮಿಟಿ ಬಂದಾಗಲೆಲ್ಲ ಗೊಂಬೆಯಕ್ಕ ಪೊರಕೆ ಗೋಡೆಗೆ ಒರಗಿಸಿ, ಮುಂದೆ ಗುಂಡಿಯಿರುವ ಅಂಗಿ ತೊಟ್ಟು ಬಂದು ಕೂರುವುದು ರೂಢಿಯಾಯಿತು. ಕೂಸಿನ ತಲೆಗೆ ಟೊಪ್ಪಿ, ಕಾಲಿಗೆ ಕಾಲುಚೀಲ, ಮುಖ ಒಂದು ಪಕ್ಕಕ್ಕೆ, ಕೈಕಾಲು ಕಪ್ಪೆಯ ಹಾಗೆ ಮಡಚಿ, ಎದೆಗಳ ನಡುವೆ ನೆಟ್ಟಗೆ. ಭಾಷಣವೂ ಬಾಯಿಪಾಠವಾಗಿತ್ತು. ಮನೆಯಲ್ಲಿ ಗಂಡ ರೇಗಿಸುತ್ತಿದ್ದ: “ಇವತ್ತು ಹೆರಿಗೆ ಆಯ್ತೇನೇ?” ಅವಳು, “ಆಯ್ತು. ಮಗು ಅಪ್ಪನ ಹಾಗೇ ಇದೆ, ಒಂದು ಕಿವಿ ಇಲ್ಲ, ಹೇಳಿದ್ದು ಕೇಳಿಸಲ್ಲ” ಎನ್ನುತ್ತಿದ್ದಳು.

ಗಂಡ ಬೋರ್ಡು ಬರೆಯುವವನು. ಆಸ್ಪತ್ರೆಯ ಬೋರ್ಡುಗಳೆಲ್ಲ ಅವನ ಕೈಯವೇ. ಒಂದೇ ದಿನ, ಒಂದೇ ಡಬ್ಬಿಯ ನೀಲಿ ಬಣ್ಣದಲ್ಲಿ, ‘ತಾಯಿಯ ಎದೆಯೇ ಮಗುವಿನ ಮೊದಲ ಮನೆ’ ಎಂದು ಗೋಡೆಗೂ, ‘ತಾಯಂದಿರಿಗೆ ಒಳಗೆ ಪ್ರವೇಶವಿಲ್ಲ’ ಎಂದು ಬಾಗಿಲಿಗೂ ಬರೆದುಕೊಟ್ಟಿದ್ದ. ಎರಡರ ಅಕ್ಷರವೂ ಮುತ್ತಿನಂತಿತ್ತು. ಎರಡರ ಅರ್ಥ ಒಂದಕ್ಕೊಂದು ಹೊಂದುತ್ತದೋ ಇಲ್ಲವೋ ನೋಡುವುದು ಬೋರ್ಡು ಬರೆಯುವವನ ಕೆಲಸವಲ್ಲ ಎಂಬುದು ಅವನ ನಿಲುವು.

ವಾರ್ಡಿನಲ್ಲಿ ಕೂಸುಗಳನ್ನು ಬೆಚ್ಚಗಿಡುವ ಯಂತ್ರಗಳು ಆರು ಇದ್ದವು, ಕೂಸುಗಳು ಹನ್ನೊಂದು. ಆರನೆಯ ಯಂತ್ರದಲ್ಲಿ ದೀಪ ಉರಿಯುತ್ತಿತ್ತು, ಶಾಖ ಬರುತ್ತಿರಲಿಲ್ಲ. ದೀಪ ಉರಿಯುತ್ತಿದ್ದ ಕಾರಣ ಅದು ಕೆಲಸ ಮಾಡುತ್ತಿದೆ ಎಂದು ಬರೆದಾಗಿತ್ತು. ಕೆಲಸ ಮಾಡುತ್ತಿರುವ ಯಂತ್ರಕ್ಕೆ ರಿಪೇರಿಯವರು ಯಾಕೆ ಬರುತ್ತಾರೆ? ತಾಯಂದಿರು ದಿನಕ್ಕೆ ಮೂರು ಸಲ, ಸಲಕ್ಕೆ ಹತ್ತು ನಿಮಿಷ ಬಾಗಿಲವರೆಗೆ ಬಂದು, ಹಿಂಡಿ ತಂದ ಹಾಲನ್ನು ಕೊಟ್ಟು, ಗಾಜಿನ ಈಚೆ ನಿಂತು ನೋಡಿ ಹೋಗಬೇಕು. ತಾಯಂದಿರ ಜೊತೆ ಸೋಂಕು ಬರುತ್ತದೆ ಎಂಬ ಭಯ. ಫ್ಯಾನು ನೋಡಲು ಬರುವವನು ಬೂಟುಗಾಲಲ್ಲೇ ಬಂದು ಹೋಗುತ್ತಿದ್ದ. ಅವನನ್ನು ತಡೆಯುವ ಬೋರ್ಡನ್ನು ಯಾರೂ ಬರೆಸಿರಲಿಲ್ಲ.

ಪಕ್ಕದಲ್ಲೇ ಜಾಗೃತಿ ಕೊಠಡಿ. ಅಲ್ಲಿ ಬೆಚ್ಚನೆಯ ಗಾಳಿ, ಕಿಟಕಿಗೆ ಪರದೆ, ಬೆನ್ನು ಒರಗಿಸಿ ಕಾಲು ಚಾಚುವ ದೊಡ್ಡ ಕುರ್ಚಿ. ಯಾರೋ ಪುಣ್ಯಾತ್ಮರು ದಾನವಾಗಿ ಕೊಟ್ಟಿದ್ದ ಆ ಕುರ್ಚಿಯ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ತೆಗೆದಿರಲಿಲ್ಲ, ಕುರ್ಚಿ ಹಾಳಾಗಬಾರದಲ್ಲ. ಬಾಗಿಲಿಗೆ ‘ಪ್ರಾತ್ಯಕ್ಷಿಕೆಗೆ ಮಾತ್ರ’ ಎಂಬ ಬೋರ್ಡು, ಬೋರ್ಡಿನ ಕೆಳಗೆ ಬೀಗ, ಬೀಗದ ಕೈ ದೊಡ್ಡ ಸಿಸ್ಟರ ಸೊಂಟದಲ್ಲಿ. ಕಮಿಟಿ ಇಲ್ಲದ ದಿನ ಆ ಕೊಠಡಿಯಲ್ಲಿ ಸರ್ಕಾರಿ ಕೂಸು ಒಂದೇ ಬೆಚ್ಚಗೆ ಮಲಗಿರುತ್ತಿತ್ತು.

ಇಷ್ಟಾದರೂ ಆ ವಾರ್ಡಿಗೆ ಒಳ್ಳೆಯ ಹೆಸರು. ಅದಕ್ಕೆ ಕಾರಣ ಶೇಕಡ ಎಂಬ ಅಡ್ಡಹೆಸರಿನ ಗುಮಾಸ್ತ. ತಿಂಗಳಿಗೊಮ್ಮೆ ಬೆಂಚಿನ ಬಳಿ ಬಂದು ತಾಯಂದಿರ ಅರಿವು ಅಳೆಯುವುದು ಅವನ ಕೆಲಸ. “ಕಾಂಗರೂ ಆರೈಕೆ ಬಗ್ಗೆ ಕೇಳಿದೀರಾ?” ಎನ್ನುತ್ತಿದ್ದ. ಅವರ ತಲೆಯ ಮೇಲೆಯೇ ಗೋಡೆಯಲ್ಲಿ ಆಳೆತ್ತರದ ಕಾಂಗರೂ ಚಿತ್ರವಿತ್ತು. “ಕೇಳಿದೀವಿ” ಎನ್ನುತ್ತಿದ್ದರು. ಒಂದು ಟಿಕ್. “ಹೇಗೆ ಮಾಡೋದು ನೋಡಿದೀರಾ?” ಗೊಂಬೆಯಕ್ಕ ಕೂತದ್ದನ್ನು ಕಿಟಕಿಯಿಂದ ನೋಡಿದ್ದರು. “ನೋಡಿದೀವಿ.” ಇನ್ನೊಂದು ಟಿಕ್. ಕೊನೆಯಲ್ಲಿ ‘ಬಳಕೆ’ ಎಂಬ ಕಾಲಂ ಇತ್ತು. ನೋಡಿದ ಮೇಲೆ ಬಳಸದೆ ಇರುತ್ತಾರೆಯೇ ಎಂದು ಅವನೇ ತರ್ಕ ಮಾಡಿ ಅಲ್ಲಿಯೂ ಟಿಕ್ ಹಾಕುತ್ತಿದ್ದ. ಹೀಗೆ ಅರಿವು ತೊಂಬತ್ತಾರು, ಬಳಕೆ ತೊಂಬತ್ತಾರು. ಉಳಿದ ನಾಲ್ಕು ಶೇಕಡ ತಾಯಂದಿರು ಅವನು ಬಂದಾಗ ಬೆಂಚಿನ ಮೇಲೆ ನಿದ್ದೆ ಮಾಡುತ್ತಿದ್ದರು.

ಗೊಂಬೆಯಕ್ಕನಿಗೆ ಇದೆಲ್ಲ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಆಯಾಗಳ ಅಭಿಪ್ರಾಯಕ್ಕೆ ಕಾಲಂ ಇರಲಿಲ್ಲ. ಜೊತೆಗೆ ಅವಳಿಗೊಂದು ಸ್ವಂತ ನೋವಿತ್ತು, ಅದನ್ನು ಬಾಯಿಬಿಟ್ಟು ಹೇಳಿದವಳಲ್ಲ. ಇಪ್ಪತ್ತೆಂಟು ವರ್ಷದ ಹಿಂದೆ, ಬೇರೊಂದು ಆಸ್ಪತ್ರೆಯಲ್ಲಿ, ಅವಳ ಚೊಚ್ಚಲ ಹೆಣ್ಣುಮಗು ಏಳನೇ ತಿಂಗಳಿಗೇ ಹುಟ್ಟಿತ್ತು. ಹತ್ತಿಯಲ್ಲಿ ಸುತ್ತಿ, ಬಲ್ಬು ಹಾಕಿದ ಪೆಟ್ಟಿಗೆಯಲ್ಲಿಟ್ಟು, ಮೇಲೆ ‘ಮುಟ್ಟಬೇಡಿ’ ಎಂದು ಚೀಟಿ ಅಂಟಿಸಿದ್ದರು. ಗಂಡ ಹೆಂಡತಿ ಇಬ್ಬರೂ ಹೇಳಿದ ಮಾತು ಕೇಳುವ ಜನ, ಮುಟ್ಟಲಿಲ್ಲ. ನಾಲ್ಕು ದಿನ ಆ ಪೆಟ್ಟಿಗೆಯ ಮುಂದೆ ಕೈಕಟ್ಟಿ ನಿಂತರು. ಐದನೆಯ ದಿನ ಪೆಟ್ಟಿಗೆ ಖಾಲಿಯಾಯಿತು. ಆಮೇಲೆ ಇಬ್ಬರು ಗಂಡುಮಕ್ಕಳು ಹುಟ್ಟಿ, ಬೆಳೆದು, ಮೀಸೆ ಬಂದು, ಅವರವರ ಕೆಲಸ ಹಿಡಿದರು. ಆದರೂ ಗಂಡ ಈಗಲೂ ಒಮ್ಮೊಮ್ಮೆ ಊಟದ ನಡುವೆ, “ಆ ಚೀಟೀಲಿ ‘ಮು’ ಸೊಟ್ಟಗೆ ಬರೆದಿದ್ರು ಕಣೇ” ಎನ್ನುತ್ತಾನೆ. ಅವನಿಗೆ ದುಃಖ ತೋಡಿಕೊಳ್ಳಲು ಬೇರೆ ದಾರಿ ಗೊತ್ತಿಲ್ಲ.

ಈ ವರ್ಷದ ದೊಡ್ಡ ಕಮಿಟಿ ಬರಲು ಎರಡು ವಾರ ಇರುವಾಗ ಬೆಂಚಿಗೆ ಒಬ್ಬ ಹೊಸ ತಾಯಿ ಬಂದಳು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಹುಡುಗಿ. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಬೆರಳ ತುದಿಯಲ್ಲಿ ಗುರುತಿಸುವ ಕೆಲಸ. ಅವಳ ಗಂಡುಕೂಸು ಮೂವತ್ತೊಂದನೆಯ ವಾರಕ್ಕೇ ಹೊರಗೆ ಬಂದಿತ್ತು, ತೂಕ ಸಾವಿರದ ಮುನ್ನೂರು ಗ್ರಾಂ. ಮೊದಲ ವಾರ ಮೂಗಿಗೆ ಕೊಳವೆ, ಆಮೇಲೆ ಅದೂ ಬೇಡವಾಯಿತು, ತಾನೇ ಉಸಿರಾಡತೊಡಗಿತು. ಜಾಗ ಸಾಲದ ಕಾರಣ ಆರನೆಯ ಯಂತ್ರಕ್ಕೆ ವರ್ಗವಾಯಿತು. ಅಂದರೆ ದೀಪದ ಕೆಳಗೆ.

ಅಲ್ಲಿಂದ ಅದರ ತೂಕ ಇಳಿಯುತ್ತ ಹೋಯಿತು. ಗೊಂಬೆಯಕ್ಕ ಒದ್ದೆ ಬಟ್ಟೆ ಬದಲಿಸುವಾಗಲೆಲ್ಲ ಅದರ ಪಾದಕ್ಕೆ ಅಂಗೈ ಹಿಂಬದಿ ತಾಗಿಸಿ ನೋಡುತ್ತಿದ್ದಳು, ಆಮೇಲೆ ಹೊಟ್ಟೆಗೆ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಕೂಸು ತನ್ನಲ್ಲಿರುವ ಕಸುವನ್ನೆಲ್ಲ ಮೈ ಕಾಯಿಸಿಕೊಳ್ಳುವುದಕ್ಕೇ ಸುರಿಯುತ್ತಿದೆ ಎಂದರ್ಥ; ಅವಳ ಭಾಷಣದ ಏಳನೆಯ ಸಾಲು ಅದು. ಪಾದ ತಣ್ಣಗಿತ್ತು. ಹನ್ನೆರಡನೆಯ ದಿನ ತೂಕ ಸಾವಿರದ ಇನ್ನೂರಕ್ಕೆ ಬಂತು. ಹೀಗೇ ಹೋದರೆ ಏನಾಗುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆ ವಾರವೇ ಶೇಕಡ ಬೆಂಚಿಗೆ ಬಂದ. ಕನ್ನಡಕದ ಹುಡುಗಿ ಎಲ್ಲ ಪ್ರಶ್ನೆಗೂ ಪಟಪಟನೆ ಉತ್ತರ ಕೊಟ್ಟಳು. ಕೇಳಿದೀನಿ, ನೋಡಿದೀನಿ, ಟೊಪ್ಪಿ ಹಾಕಬೇಕು, ಮುಖ ಪಕ್ಕಕ್ಕಿರಬೇಕು. ಶೇಕಡನಿಗೆ ಸಂತೋಷವೋ ಸಂತೋಷ. ಹೊರಡುವಾಗ ಅವಳು ಕೇಳಿದಳು: “ಎಲ್ಲಾ ಗೊತ್ತು ಸಾರ್. ಅವನನ್ನ ನನ್ನ ಕೈಗೆ ಯಾವಾಗ ಕೊಡ್ತೀರಾ?”

ಶೇಕಡ ಫಾರಂನ ಎರಡೂ ಬದಿ ತಿರುಗಿಸಿ ನೋಡಿದ. “ಆ ಪ್ರಶ್ನೆ ಇದರಲ್ಲಿಲ್ಲಮ್ಮ” ಎಂದ. ಅವಳ ಮುಖ ನೋಡಿ ಪಾಪ ಅನ್ನಿಸಿ, ‘ಇತರೆ’ ಎಂಬಲ್ಲಿ ಒಂದು ಟಿಕ್ ಹಾಕಿ ಹೋದ.

ಅವಳ ಅತ್ತೆಯೂ ಬೆಂಚಿನ ಮೇಲಿದ್ದಳು. “ಎದೆ ಮೇಲೆ ಮಲಗಿಸಿ ಅಭ್ಯಾಸ ಆಗ್ಬಿಟ್ರೆ ಆಮೇಲೆ ಕೆಳಗೇ ಇಳಿಯಲ್ಲ ಅವು” ಎಂದು ಮೂಗು ಮುರಿದಳು. ಸೊಸೆ, ಒರೆಸುವ ಬಟ್ಟೆ ಹಿಡಿದು ನಿಂತಿದ್ದ ಗೊಂಬೆಯಕ್ಕನ ಕಡೆ ತಿರುಗಿ, “ಅಕ್ಕಾ, ಆ ರಬ್ಬರ್ ಗೊಂಬೆಗೆ ಸಿಗೋದು ನನ್ನ ಮಗನಿಗೆ ಯಾಕೆ ಸಿಗಲ್ಲ?” ಎಂದಳು. ಹತ್ತೊಂಬತ್ತು ವರ್ಷದಲ್ಲಿ ಯಾವ ಕಮಿಟಿಯೂ ಇಂಥ ಪ್ರಶ್ನೆ ಕೇಳಿರಲಿಲ್ಲ. ಗೊಂಬೆಯಕ್ಕನಿಗೆ ಮುಖಕ್ಕೆ ಹೊಡೆದ ಹಾಗಾಯಿತು.

ಕೈಯಲ್ಲಿದ್ದ ಬಟ್ಟೆ ಬಕೆಟ್ಟಿಗೆ ಹಾಕಿ ನೇರ ದೊಡ್ಡ ಸಿಸ್ಟರ ಬಳಿ ಹೋದಳು. ದೊಡ್ಡ ಸಿಸ್ಟರ್ ಕೆಟ್ಟವರಲ್ಲ. ಮೂವತ್ತು ವರ್ಷ ಮಕ್ಕಳನ್ನು ಉಳಿಸಿದ್ದಾರೆ, ಮೂವತ್ತು ವರ್ಷ ಮೆಮೋಗಳಿಗೂ ಉತ್ತರ ಬರೆದಿದ್ದಾರೆ. ಎರಡನೆಯದರಲ್ಲೇ ಹೆಚ್ಚು ಸುಸ್ತಾಗಿದ್ದಾರೆ. ಅವರು ಕೂಸಿನ ಹಾಳೆ ತೆಗೆದು ತೋರಿಸಿದರು. ಐದು ದಿನದಿಂದ ಮಕ್ಕಳ ಡಾಕ್ಟರು ಪ್ರತಿದಿನ ‘ಕಾಂಗರೂ ಆರೈಕೆ ಕೊಡಿ’ ಎಂದು ಬರೆದಿದ್ದರು. ಪ್ರತಿದಿನ ಅದರ ಕೆಳಗೆ ಸಿಸ್ಟರ್ ‘ತಾಯಿಗೆ ತಿಳಿಸಲಾಗಿದೆ’ ಎಂದು ಬರೆದಿದ್ದರು.

“ತಿಳಿಸಿದ ಮೇಲೆ ಮಾಡ್ಸಬೇಕಲ್ವಾ ಸಿಸ್ಟರ್?”

“ಎಲ್ಲಿ ಮಾಡ್ಸಲಿ? ತಾಯಂದಿರು ಒಳಗೆ ಬರಂಗಿಲ್ಲ. ಮಗು ಹೊರಗೆ ಹೋಗಂಗಿಲ್ಲ. ಕುರ್ಚಿ ಪ್ರಾತ್ಯಕ್ಷಿಕೆಗೆ. ಸೂಪರಿಂಟೆಂಡೆಂಟ್ ಸಾಹೇಬ್ರನ್ನ ಕೇಳ್ದೆ, ಕಮಿಟಿ ಬಂದು ಹೋಗೋವರೆಗೂ ಕುರ್ಚಿ ಮುಟ್ಟಬೇಡಿ ಅಂದ್ರು. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಉತ್ತರ ಕೊಡೋರು ಯಾರು?”

“ಏನೂ ಮಾಡದೆ ಹೆಚ್ಚುಕಮ್ಮಿ ಆದ್ರೆ?”

ಸಿಸ್ಟರ್ ಕನ್ನಡಕ ತೆಗೆದು ಒರೆಸಿಕೊಂಡರು. “ಅದಕ್ಕೆ ಉತ್ತರ ಯಾರೂ ಕೇಳಲ್ಲ ಕಣೆ” ಎಂದರು, ತಗ್ಗಿದ ದನಿಯಲ್ಲಿ.

ಗೊಂಬೆಯಕ್ಕ ಅಂದು ಬಸ್ಸಿನಲ್ಲಿ ಮನೆಗೆ ಹೋಗುವಾಗ ಕಿಟಕಿಗೆ ತಲೆ ಆನಿಸಿ ಕೂತವಳು ತನ್ನ ನಿಲ್ದಾಣ ದಾಟಿ ಎರಡು ನಿಲ್ದಾಣ ಮುಂದೆ ಹೋಗಿಬಿಟ್ಟಳು. ವಾಪಸ್ ನಡೆದು ಬರುವಷ್ಟರಲ್ಲಿ ಒಂದು ಯೋಚನೆ ಹೊಳೆದಿತ್ತು. ಅದು ಎಷ್ಟು ಸರಳವಾಗಿತ್ತೆಂದರೆ ಅವಳಿಗೇ ನಾಚಿಕೆಯಾಯಿತು. ಆ ಆಸ್ಪತ್ರೆಯಲ್ಲಿ ತಾಯಿಗೆ ಬಾಗಿಲಿಲ್ಲ, ಮಗುವಿಗೆ ಶಾಖವಿಲ್ಲ, ಆದರೆ ಪ್ರಾತ್ಯಕ್ಷಿಕೆಗೆ ಎಲ್ಲವೂ ಇದೆ.

ಕಮಿಟಿಯ ದಿನ ಬಂತು. ಹತ್ತು ಗಂಟೆಗೆ ಬರುತ್ತಾರೆಂದು ಎಂಟಕ್ಕೇ ನೆಲ ಮೂರು ಸಲ ಒರೆಸಿಯಾಗಿತ್ತು. ಮಕ್ಕಳ ಡಾಕ್ಟರು ಬೆಳಗಿನ ಸುತ್ತು ಮುಗಿಸಿ ಹೊರಡುವಾಗ ಗೊಂಬೆಯಕ್ಕ ದಾರಿಗೆ ಅಡ್ಡ ನಿಂತಳು.

“ಡಾಕ್ಟ್ರೇ, ಆರನೇದರ ಮಗೂಗೆ ಇವತ್ತೂ ಬರೆದ್ರಾ, ಕಾಂಗರೂ ಅಂತ?”

“ಬರೆದೆ.”

“ಮಗು ತಡ್ಕೊಳ್ಳುತ್ತಾ? ಬರೆದಿದ್ದನ್ನ ಮಾಡಬಹುದಾ?”

“ಆರಾಮಾಗಿ. ಮಾಡ್ಲಿ ಅಂತಾನೇ ಅಲ್ವೇನ್ರೀ ಬರೆಯೋದು?” ಎಂದು ಡಾಕ್ಟರು ನಡೆಯುತ್ತಲೇ ಹೇಳಿ ಮುಂದಿನ ವಾರ್ಡಿಗೆ ಹೋದರು.

ಗೊಂಬೆಯಕ್ಕ ದೊಡ್ಡ ಸಿಸ್ಟರ ಮುಂದೆ ಹೋಗಿ ಎರಡು ಸಲ ಸೀನಿದಳು. ಹತ್ತೊಂಬತ್ತು ವರ್ಷ ನಾಟಕವಾಡಿದವಳಿಗೆ ಎರಡು ಸೀನು ಯಾವ ಲೆಕ್ಕ. “ನೆಗಡಿ ಸಿಸ್ಟರ್. ನಾನು ಕೂತು, ಕಮಿಟಿ ಮುಖದ ಮೇಲೇ ಸೀನಿಬಿಟ್ರೆ?”

ಸಿಸ್ಟರ್ ಎರಡು ಹೆಜ್ಜೆ ಹಿಂದೆ ಸರಿದರು. “ಅಯ್ಯೋ, ಇವತ್ತೇ ಬರಬೇಕಿತ್ತಾ ನಿನಗೆ? ಈಗ ಯಾರನ್ನ ಕೂರಿಸ್ಲಿ?”

“ಬೆಂಚಿನ ಮೇಲೆ ಕನ್ನಡಕದಂಗಡಿ ಹುಡುಗಿ ಇದಾಳೆ. ಲಕ್ಷಣವಾಗಿದಾಳೆ, ಫೋಟೋಲೂ ಚೆನ್ನಾಗಿ ಬರ್ತಾಳೆ.”

“ತಾಯಂದಿರು ಒಳಗೆ ಬರಂಗಿಲ್ಲ ಅಂತ ಗೊತ್ತಿಲ್ವಾ?”

“ಅವಳು ತಾಯಿ ಅಂತ ಬರಲ್ಲ ಸಿಸ್ಟರ್. ಪ್ರಾತ್ಯಕ್ಷಿಕೆ ಅಂತ ಬರ್ತಾಳೆ.”

ಸಿಸ್ಟರ್ ಒಂದು ಗಳಿಗೆ ಯೋಚಿಸಿದರು. ಅದರಲ್ಲಿ ನಿಯಮಕ್ಕೆ ವಿರುದ್ಧವಾದದ್ದೇನೂ ಕಾಣಲಿಲ್ಲ. ಸೊಂಟದಿಂದ ಬೀಗದ ಕೈ ಬಿಚ್ಚಿಕೊಟ್ಟರು.

ಮುಂದಿನದು ಗೊಂಬೆಯಕ್ಕನಿಗೆ ನೀರು ಕುಡಿದಷ್ಟು ಸಲೀಸು. ಹುಡುಗಿಯನ್ನು ಕರೆತಂದು, ಕೈ ಎದೆ ತೊಳೆಸಿ, ಮುಂದೆ ಗುಂಡಿಯಿರುವ ಅಂಗಿ ತೊಡಿಸಿ, ಕುರ್ಚಿಯ ಪ್ಲಾಸ್ಟಿಕ್ಕನ್ನು ಪರಪರ ಹರಿದು ತೆಗೆದು ಕೂರಿಸಿದಳು. ಸರ್ಕಾರಿ ಕೂಸನ್ನು ಎಂದಿನಂತೆ ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ವಾರ್ಡಿಗೆ ಹೋದಳು; ಬಟ್ಟೆಯಲ್ಲಿ ಸುತ್ತಿದ ಇನ್ನೊಂದನ್ನು ಎತ್ತಿಕೊಂಡು ವಾಪಸ್ ಬಂದಳು. ನರ್ಸುಗಳು ಎದುರಾದರು, ಶೇಕಡ ಎದುರಾದ. ಗೊಂಬೆಯಕ್ಕನ ತೋಳಿನಲ್ಲಿರುವ ಗಂಟನ್ನು ಹತ್ತೊಂಬತ್ತು ವರ್ಷದಿಂದ ಯಾರೂ ಬಿಚ್ಚಿ ನೋಡಿರಲಿಲ್ಲ, ಅಂದೂ ನೋಡಲಿಲ್ಲ.

ಆರನೆಯ ಯಂತ್ರದ ದೀಪದ ಕೆಳಗೆ ರಬ್ಬರ್ ಕೂಸು ಕಿವಿಯಿಲ್ಲದ ಬದಿ ಕೆಳಗೆ ಮಾಡಿ ಮಲಗಿತು.

ಜಾಗೃತಿ ಕೊಠಡಿಯಲ್ಲಿ ಹುಡುಗಿ ತನ್ನ ಮಗನನ್ನು ಮೊದಲ ಸಲ ಎದೆಗೆ ತಾಗಿಸಿಕೊಂಡಳು. ಉಸಿರು ಬಿಗಿಹಿಡಿದು ಕೂತಿದ್ದಳು. “ನೀನು ಉಸಿರಾಡಮ್ಮ. ನೀನು ಉಸಿರಾಡಿದ್ರೆ ಅವನಿಗೆ ಧೈರ್ಯ” ಎಂದಳು ಗೊಂಬೆಯಕ್ಕ. ಭಾಷಣದಲ್ಲಿ ಆ ಸಾಲು ಇರಲಿಲ್ಲ, ಹಾಗೇ ಬಾಯಿಗೆ ಬಂತು. ಟೊಪ್ಪಿ, ಕಾಲುಚೀಲ, ಮುಖ ಪಕ್ಕಕ್ಕೆ, ಸುತ್ತ ಬಟ್ಟೆ. ಕೂಸು ಸ್ವಲ್ಪ ಹೊತ್ತು ಮುಲುಗುಟ್ಟಿ, ಆಮೇಲೆ ತನಗೆ ಬೇಕಾದ ಜಾಗ ಸಿಕ್ಕಿತೆಂಬಂತೆ ಸುಮ್ಮನಾಯಿತು.

ಕಮಿಟಿ ಹತ್ತಕ್ಕೆ ಬರಲಿಲ್ಲ. ಹನ್ನೊಂದಕ್ಕೆ ಹೊರಟಿದ್ದಾರೆಂದು ಫೋನ್ ಬಂತು. ಹನ್ನೆರಡಕ್ಕೆ ಇನ್ನೆಲ್ಲೋ ರಿಬ್ಬನ್ ಕತ್ತರಿಸುತ್ತಿದ್ದಾರೆಂದು ಬಂತು. ಸೂಪರಿಂಟೆಂಡೆಂಟರು ಬಾಗಿಲಲ್ಲಿ ಇಣುಕಿ, “ಯಾರೂ ಅಲ್ಲಾಡ್ಬೇಡಿ, ಹಾಗೇ ಇರಿ, ಯಾವ ಕ್ಷಣದಲ್ಲಿ ಬೇಕಾದ್ರೂ ಬರ್ತಾರೆ” ಎಂದು ಅಪ್ಪಣೆ ಮಾಡಿ ಹೋದರು. ಅಲ್ಲಾಡಲು ಅಲ್ಲಿ ಯಾರಿಗೂ ಮನಸ್ಸಿರಲಿಲ್ಲ. ಎರಡು ಸಲ ಪುಟ್ಟ ಲೋಟದಲ್ಲಿ ಹಾಲು ಕುಡಿಸಿದ್ದಾಯಿತು. ಹನ್ನೆರಡೂವರೆಗೆ ಗೊಂಬೆಯಕ್ಕ ಬಟ್ಟೆಯೊಳಗೆ ಕೈಹಾಕಿ, ಕಾಲುಚೀಲ ಸರಿಸಿ, ಅಂಗೈ ಹಿಂಬದಿ ತಾಗಿಸಿ ನೋಡಿದಳು.

“ಏನಕ್ಕಾ?” ಎಂದು ಹುಡುಗಿ ಗಾಬರಿಯಿಂದ ಕೇಳಿದಳು.

“ಕಾಲು” ಎಂದಳು ಗೊಂಬೆಯಕ್ಕ. “ಕಾಲು ಬೆಚ್ಚಗಾಗಿದೆ ಕಣಮ್ಮ.” ಅವಳ ಕಣ್ಣು ಮೂಗು ಎರಡೂ ಸುರಿಯತೊಡಗಿದವು. ನೆಗಡಿ ಎಂದು ಹೇಳಿದ್ದು ಆಗ ಉಪಯೋಗಕ್ಕೆ ಬಂತು.

ಒಂದೂವರೆಗೆ ಕಮಿಟಿ ಬಂತು. ತಡವಾಗಿ ಬಂದು ಒಂದು ಜೀವಕ್ಕೆ ಇಷ್ಟು ಉಪಕಾರ ಮಾಡಿದ ಕಮಿಟಿ ಇನ್ನೊಂದಿರಲಾರದು. ಮೊದಲು ವಾರ್ಡು ನೋಡಿದರು. ಆರನೆಯ ಯಂತ್ರದ ಮುಂದೆ ಪೆನ್ನು ಹಿಡಿದ ಸದಸ್ಯರೊಬ್ಬರು ನಿಂತು, “ಈ ಮಗು ಬಹಳ ಶಾಂತವಾಗಿದೆ, ಬಣ್ಣವೂ ಚೆನ್ನಾಗಿದೆ” ಎಂದರು. “ಎಲ್ಲಾ ನಮ್ಮ ಸ್ಟಾಫಿನ ಶ್ರಮ ಸಾರ್” ಎಂದರು ಸೂಪರಿಂಟೆಂಡೆಂಟರು. ಸದಸ್ಯರು ‘ಸ್ಥಿತಿ ಸ್ಥಿರ’ ಎಂದು ಬರೆದುಕೊಂಡರು. ಶೇಕಡ ಎಣಿಸಿ ನೋಡಿದ, ಹನ್ನೊಂದು ಸರಿಯಾಗಿತ್ತು.

ಆಮೇಲೆ ಎಲ್ಲರೂ ಜಾಗೃತಿ ಕೊಠಡಿಗೆ ಬಂದರು. ಗೊಂಬೆಯಕ್ಕ ಪಕ್ಕದಲ್ಲಿ ನಿಂತು ಭಾಷಣ ಒಪ್ಪಿಸಿದಳು. ಅಧ್ಯಕ್ಷರು ಬಗ್ಗಿ ನೋಡಿ ತಲೆದೂಗಿದರು. “ಎಷ್ಟು ನೈಜವಾಗಿದೆ! ಉಸಿರಾಡೋ ಹಾಗೇ ಮಾಡಿದಾರಲ್ರೀ. ಬ್ಯಾಟರೀನಾ?” ಎನ್ನುತ್ತ ಒಂದು ಬೆರಳನ್ನು ಕೂಸಿನ ಕೆನ್ನೆಗೆ ಒತ್ತಿದರು.

ಬ್ಯಾಟರಿ ಕಣ್ಣು ಬಿಟ್ಟು, ಮುಖ ಕೆಂಪಗೆ ಮಾಡಿ, ಹುಟ್ಟಿದಂದಿನಿಂದ ಕೂಡಿಟ್ಟ ಸಿಟ್ಟನ್ನೆಲ್ಲ ಒಟ್ಟಿಗೆ ಹೊರಗೆ ಹಾಕಿತು. ಅಧ್ಯಕ್ಷರು ಕೆಂಡ ಮುಟ್ಟಿದವರಂತೆ ಬೆರಳು ಹಿಂದಕ್ಕೆಳೆದುಕೊಂಡು, “ಅಯ್ಯಯ್ಯೋ! ಇದು ಮಗು!” ಎಂದು ಕೂಗಿದರು. ಮಕ್ಕಳ ವಾರ್ಡಿನಲ್ಲಿ ಮಗುವನ್ನು ಕಂಡು ಅಷ್ಟು ಗಾಬರಿಯಾದವರನ್ನು ಗೊಂಬೆಯಕ್ಕ ಅದುವರೆಗೆ ನೋಡಿರಲಿಲ್ಲ.

ಅಧ್ಯಕ್ಷರು ಸೂಪರಿಂಟೆಂಡೆಂಟರನ್ನು ನೋಡಿದರು, ಸೂಪರಿಂಟೆಂಡೆಂಟರು ದೊಡ್ಡ ಸಿಸ್ಟರನ್ನು ನೋಡಿದರು, ಸಿಸ್ಟರ್ ಗೊಂಬೆಯಕ್ಕನನ್ನು ನೋಡಿದರು. ಗೊಂಬೆಯಕ್ಕ ಹುಡುಗಿಯ ಭುಜದ ಮೇಲೆ ಕೈಯಿಟ್ಟು ನಿಂತಳು, ತೆಗೆಯಲಿಲ್ಲ. “ಮಗು ಮೈ ತಣ್ಣಗಿತ್ತು ಸಾರ್. ಡಾಕ್ಟ್ರು ಐದಾರು ದಿನದಿಂದ ಬರೀತಾನೇ ಇದಾರೆ. ನಾನು ಮಾಡ್ಸಿದೆ” ಎಂದಳು.

ಸೂಪರಿಂಟೆಂಡೆಂಟರು ಸುಮ್ಮನೆ ಆ ಹುದ್ದೆಗೆ ಏರಿದವರಲ್ಲ. ಗಂಟಲು ಸರಿಮಾಡಿಕೊಂಡು, “ಸಾರ್, ಇದೇ ನಾನು ಹೇಳ್ಬೇಕು ಅಂತಿದ್ದ ಹೊಸ ಪ್ರಯೋಗ. ಜೀವಂತ ಪ್ರಾತ್ಯಕ್ಷಿಕೆ. ಬೇರೆಲ್ಲೂ ಇಲ್ಲ” ಎಂದರು. ಅಧ್ಯಕ್ಷರ ಮುಖ ಅರಳಿತು. ಫೋಟೋಗಳಾದವು. “ಇದು ಒಂದು ದಿನಕ್ಕೆ ನಿಲ್ಲಬಾರದು, ದಿನವೂ ನಡೀಬೇಕು” ಎಂದು ಅಪ್ಪಣೆಯಾಯಿತು. ಪೆನ್ನಿನ ಸದಸ್ಯರಿಗೆ ಮಾತ್ರ ಏನೋ ಹೊಳೆದು, ಹಾಗಾದರೆ ಅಲ್ಲಿ ಮಲಗಿದ್ದು ಯಾವುದು ಎಂದು ಕೇಳಲು ಬಾಯಿ ತೆರೆದರು. ಆಮೇಲೆ ತಾವು ಬರೆದುಕೊಂಡದ್ದು ನೆನಪಾಗಿ ಮುಚ್ಚಿಕೊಂಡರು.

ಹೀಗೆ ಆ ಆಸ್ಪತ್ರೆಯಲ್ಲಿ ತಾಯಂದಿರು ಒಳಗೆ ಬಂದರು. ತಾಯಂದಿರಾಗಿ ಅಲ್ಲ, ಪ್ರಾತ್ಯಕ್ಷಿಕೆಯಾಗಿ; ಪ್ರವೇಶವಿಲ್ಲ ಎಂಬ ಆ ಬೋರ್ಡು ಈಗಲೂ ಬಾಗಿಲಿಗಿದೆ. ಕೊಠಡಿಗೆ ಇನ್ನೂ ಮೂರು ಕುರ್ಚಿ ಬಂದವು. ಗೊಂಬೆಯಕ್ಕನ ಗಂಡ ಬಂದು ‘ನಿರಂತರ ಪ್ರಾತ್ಯಕ್ಷಿಕೆ’ ಎಂದು ಹೊಸ ಬೋರ್ಡು ಬರೆದ. ಕನ್ನಡಕದ ಹುಡುಗಿ ಬೆಳಗಿನಿಂದ ಸಂಜೆಯವರೆಗೆ ಪ್ರದರ್ಶನ ಕೊಟ್ಟಳು, ನೋಡುವವರು ಯಾರೂ ಇರಲಿಲ್ಲ. ಅವಳು ಊಟಕ್ಕೆ ಎದ್ದಾಗ ಮೂಗು ಮುರಿದಿದ್ದ ಅತ್ತೆಯೇ ಬಂದು ಅಂಗಿಯ ಗುಂಡಿ ಬಿಚ್ಚಿ ಕೂತಳು. ಎರಡನೆಯ ದಿನದಿಂದ ಸೊಸೆ ಊಟ ಮುಗಿಸಿ ಬಂದರೂ ಮೊಮ್ಮಗನನ್ನು ಕೊಡಲು ತಕರಾರು ಮಾಡತೊಡಗಿದಳು. ಅಭ್ಯಾಸ ಆಗಿದ್ದು ಯಾರಿಗೆ ಎಂದು ಸೊಸೆ ಕೇಳಲಿಲ್ಲ, ಪುಣ್ಯ.

ಮೂರು ವಾರ ಕಳೆದು, ತೂಕ ಒಂದು ಕಿಲೋ ಒಂಬೈನೂರು ದಾಟಿದ ದಿನ ಅವರು ಮನೆಗೆ ಹೊರಟರು. ಹುಡುಗಿ ಕೂಸನ್ನು ತಂದು ಏನೂ ಹೇಳದೆ ಗೊಂಬೆಯಕ್ಕನ ಎದೆಗೆ ಒರಗಿಸಿದಳು. ಗೊಂಬೆಯಕ್ಕನಿಗೆ ಕೈ ಎಲ್ಲಿಡಬೇಕೆಂದೇ ತೋಚಲಿಲ್ಲ. ಸರ್ಕಾರಿ ಕೂಸಿಗಿಂತ ಬರೀ ನೂರು ಗ್ರಾಂ ಜಾಸ್ತಿ. ಆದರೆ ರಬ್ಬರು ಯಾವತ್ತೂ ಹೀಗೆ ಕಾಲು ಒತ್ತಿ ಮೇಲಕ್ಕೆ ಹತ್ತಲು ನೋಡಿರಲಿಲ್ಲ.

ಅದೇ ದಿನ ಅವಳ ಹೆಸರಿಗೆ ಮೆಮೋ ಬಂತು, ನಿಜವಾದ ಹೆಸರಿಗೆ. ಆಸ್ಪತ್ರೆಯ ಸ್ವತ್ತಾದ ಗೊಂಬೆಯನ್ನು ಅನುಮತಿಯಿಲ್ಲದೆ ರೋಗಿಯ ಜಾಗದಲ್ಲಿಟ್ಟು ಅದಕ್ಕೆ ಸೋಂಕು ತಗಲುವ ಸಂಭವ ಉಂಟುಮಾಡಿದ್ದೇಕೆ? ಕುರ್ಚಿಯ ಹೊದಿಕೆ ಹರಿದಿದ್ದೇಕೆ? ಮಗುವಿನ ಮೈ ತಣ್ಣಗಿದೆಯೆಂದು ನಿಮಗೆ ತಿಳಿದದ್ದು ಹೇಗೆ, ಯಾವ ಉಪಕರಣ ಬಳಸಿದಿರಿ? ಏಳು ದಿನದೊಳಗೆ ಉತ್ತರಿಸತಕ್ಕದ್ದು.

ಭಾನುವಾರ ಬೆಳಿಗ್ಗೆ ಗಂಡ ಬಿಳಿ ಹಾಳೆ ಹಾಸಿಕೊಂಡು, ಸಣ್ಣ ಕುಂಚವೇ ವಾಸಿ ಎಂದು ಅದನ್ನೇ ಬಣ್ಣದಲ್ಲಿ ಅದ್ದಿ ಕೂತ. ಅವನು ಯಾವುದನ್ನೂ ಪೆನ್ನಿನಲ್ಲಿ ಬರೆಯುವವನಲ್ಲ. ಮೊದಲ ಎರಡು ಪ್ರಶ್ನೆಗೆ ‘ತಪ್ಪಾಯಿತು’ ಎಂದು ಚಂದವಾಗಿ ಬರೆದ. “ಮೂರನೇದಕ್ಕೆ? ಹೇಗೆ ಗೊತ್ತಾಯ್ತು ಅಂತ ಕೇಳಿದಾರೆ.”

ಅವಳು ಬಟ್ಟೆ ಮಡಚುತ್ತಿದ್ದಳು. “ಮುಟ್ಟಿ ನೋಡಿದೆ ಅಂತ ಬರಿ.”

ಕುಂಚ ಹಾಳೆಯ ಮೇಲೆ ಇಳಿಯಲಿಲ್ಲ. ಎಷ್ಟೋ ಬಾಗಿಲುಗಳ ಮೇಲೆ ‘ಮುಟ್ಟಬೇಡಿ’ ಎಂದು ಬರೆದ ಕೈ ಅದು. ಹೆಂಡತಿಯ ಮುಖವನ್ನು ಒಂದು ಸಲ ನೋಡಿದ. ಆಮೇಲೆ ತಲೆ ತಗ್ಗಿಸಿ, ‘ಮು’ ಅಕ್ಷರವನ್ನು ನಿಧಾನವಾಗಿ, ಸ್ವಲ್ಪವೂ ಸೊಟ್ಟಗಾಗದ ಹಾಗೆ ತಿದ್ದಿದ. ಸಾಲು ಮುಗಿಸಿ ಹಾಳೆ ಒಣಗಲು ಊದಿದ.

“ಕೆಳಗೆ ಇನ್ನೊಂದು ಸಾಲು ಬರಿ” ಎಂದಳು ಅವಳು. “ಇಪ್ಪತ್ತೆಂಟು ವರ್ಷದ ಹಿಂದೆ ಮುಟ್ಟಿರಲಿಲ್ಲ ಅಂತ.”

“ಅದನ್ನ ಅವರು ಕೇಳಿಲ್ವಲ್ಲೇ.”

“ಕೇಳಿಲ್ಲ. ನೀನು ಬರಿ.”

ಅವನು ಬರೆದ.